ಕಾಕುಮಾಗೆ ಮತ್ತೆ ಹೋಗಲೋ ಬೇಡವೋ? ಹೋಗಿ ಬಂದವರು ಹೇಳಿ

ಕೇಳಿದವರು, ಮೈಸೂರು: ಕೀನ್ಯಾದ ಕಾಕುಮಾ ನಿರಾಶ್ರಿತರ ಶಿಬಿರದಲ್ಲಿ ಪೌಷ್ಟಿಕಾಂಶ ವಿಭಾಗದಲ್ಲಿದ್ದೆ. ಅಪ್ಪನ ಕಾಯಿಲೆಗೆಂದು ಬಿಟ್ಟು ಬಂದೆ. ಹಳೇ ಸಂಸ್ಥೆಯವರು ಆರು ತಿಂಗಳ ಕಾಂಟ್ರಾಕ್ಟ್‌ಗೆ ಮತ್ತೆ ಕರೆದಿದ್ದಾರೆ. ಮಗಳು ಎಂಟನೇ ಕ್ಲಾಸು.

ಮಂಗಳೂರು ಸಿಸ್ಟರ್: ನಾನು ವಾಪಸ್ ಹೋದವಳು. ಇಲ್ಲಿಯ ಪರ್ಮನೆಂಟ್ ಕೆಲಸ ಬಿಟ್ಟೆ, ಗ್ರಾಚ್ಯುಟಿಗೆ ಸ್ವಲ್ಪವೇ ಬಾಕಿ ಇತ್ತು, ಅದೂ ಹೋಯಿತು. ಅಲ್ಲಿಯ ನರ್ಸಿಂಗ್ ನೋಂದಣಿ, ದಾಖಲೆಗೆ ಸೀಲು, ಕೊರಿಯರ್ ಎಲ್ಲ ಸೇರಿ ಕೈಯಿಂದ 61,000 ರೂಪಾಯಿ. ಸಂಸ್ಥೆ ತಿರುಗಿ ಕೊಟ್ಟದ್ದು 22,000. ಮಲೇರಿಯಾ ಬಂದು ಲೋಡ್ವಾರ್ ಪಟ್ಟಣದಲ್ಲಿ ಮಲಗಿದ್ದು ಬೇರೆ. ಆದರೂ ಹೋದದ್ದಕ್ಕೆ ಹೆಮ್ಮೆ ಉಂಟು. 2025ರಲ್ಲಿ ಶಿಬಿರದ ಪಡಿತರ ಪೂರ್ಣ ಪ್ರಮಾಣದ ಶೇ. 28ಕ್ಕೆ ಇಳಿದಾಗ ನಾನು ವಾರ್ಡಿನಲ್ಲೇ ಇದ್ದೆ. ಅಪೌಷ್ಟಿಕತೆ ಅಳೆಯುವ ಬಣ್ಣದ ಪಟ್ಟಿ ತೋಳಿಗೆ ಸುತ್ತಿದರೆ ಮಗುವಿನದ್ದು 11.5 ಸೆಂಟಿಮೀಟರಿಗಿಂತ ಕೆಳಗೆ, ಕೆಂಪು ಬಣ್ಣ, ಅಂದರೆ ತೀವ್ರ ಅಪೌಷ್ಟಿಕತೆ. ತಾಯಿ ಪ್ಲಂಪಿನಟ್ ಎಂಬ ಕಡಲೆಕಾಯಿ ಪೇಸ್ಟಿನ ಪೌಷ್ಟಿಕ ಆಹಾರದ ಪೊಟ್ಟಣದ ಮೂಲೆ ಕಚ್ಚಿ ಹರಿದು, ಹಿಂಡಿ ಹಿಂಡಿ ಅದರ ನಾಲಿಗೆಗೆ ಹಚ್ಚುತ್ತಿದ್ದಳು. ಪಕ್ಕದಲ್ಲಿ ಅಣ್ಣ ನೋಡುತ್ತಾ ನಿಂತಿದ್ದ. ಅವನ ತೋಳಿನ ಅಳತೆ ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ, ಅವನಿಗೆ ಆ ಪೊಟ್ಟಣ ಇಲ್ಲ. ಅಂಥಾ ಹೊತ್ತಿಗೆ ಕೆಲಸ ಗೊತ್ತಿದ್ದವರು ಮನೆಯಲ್ಲಿ ಕೂರಬಾರದು ಮಾರಾಯ್ರೇ.

ಗದಗ ಎಂಜಿನಿಯರ್: ಹೋಗಬ್ಯಾಡ್ರಿ. ನಾ ಕಾಕುಮಾ ಹತ್ರದ ಕಲೊಬೆಯಿ ನಿರಾಶ್ರಿತರ ವಸತಿ ಕಡೆ ನೀರಿನ ಕೆಲಸದಾಗ ಇದ್ದೆ. 2025ರ ಜನವರಿಯಾಗ ಅಮೆರಿಕ ನೆರವು ನಿಲ್ಲಿಸಿತು, ನಮ್ಮ ಕಾಂಟ್ರಾಕ್ಟ್ ಅರ್ಧಕ್ಕ ಮುರೀತು. ಪಂಪಿಗೆ ಬೇಕಾದ ಸಾಮಾನು ನೈರೋಬಿಯಾಗ, ನಾವು ಗದಗದಾಗ. ಕೊನೀ ತಿಂಗಳ ಸಂಬಳ ಈಗೂ ಬಂದಿಲ್ಲ. ಮನೀ ಸಾಲದ ಕಂತು 18,400, ಹೆಂಡತಿ ಬಂಗಾರ ಅಡ ಇಟ್ಟು ಕಟ್ಟಿದ್ವಿ. ಪಿಎಫ್ ಇಲ್ಲ, ಊರಿಗೆ ಬಂದರ ಇಂಟರ್‌ವ್ಯೂನಾಗ 'ಇಷ್ಟು ದಿನ ಎಲ್ಲಿದ್ರಿ' ಅಂತಾರ. ಹೆಮ್ಮೆ ಹೊಟ್ಟಿ ತುಂಬಸಂಗಿಲ್ಲ ಸಿಸ್ಟರ್.

ಮಂಗಳೂರು ಸಿಸ್ಟರ್: ಹೆಮ್ಮೆಯಿಂದ ನನ್ನ ಹೊಟ್ಟೆ ತುಂಬಿತು ಅಂತ ನಾನು ಎಲ್ಲಿ ಹೇಳಿದೆ? ಸಾಲ ನನಗೂ ಉಂಟು.

ಬೆಂಗಳೂರು, ಲೆಕ್ಕಪತ್ರ ವಿಭಾಗದಲ್ಲಿದ್ದವನು: ಇಬ್ಬರೂ ನಿಮ್ಮ ಸಂಬಳದ ಮಾತೇ ಆಡ್ತಿದ್ದೀರಿ. ಸೂಡಾನಿನಿಂದ ಓಡಿಬಂದ ಹುಡುಗರಿಗಾಗಿ 1992ರಲ್ಲಿ ಶುರುವಾದ ಶಿಬಿರ ಅದು. ಅಲ್ಲೇ ಹುಟ್ಟಿದವರು ಈಗ ನಿಮ್ಮ ಪಕ್ಕದಲ್ಲೇ ಅದೇ ಕೆಲಸ ಮಾಡ್ತಾರೆ, ಅವರಿಗೆ ಸಿಗೋದು ಸಂಬಳ ಅಲ್ಲ, 'ಇನ್ಸೆಂಟಿವ್' ಅನ್ನೋ ಸಣ್ಣ ಗೌರವಧನ. ಆ ಪಟ್ಟಿಗೆ ತಿಂಗಳು ತಿಂಗಳು ಸಹಿ ಹಾಕಿಸೋದು ನನ್ನ ಕೆಲಸವಾಗಿತ್ತು. ಆ ಸಂಕಟಕ್ಕೇ ಬಿಟ್ಟು ಬಂದೆ.

ಗದಗ ಎಂಜಿನಿಯರ್: ನೀವು ಬಿಟ್ಟು ಬಂದರ ಅವರ ಇನ್ಸೆಂಟಿವ್ ಹೆಚ್ಚಾತೇನ್ರಿ? ಕೆಲಸದ ಮಾತು ಆಡ್ರಿ. ಶಿಬಿರದ ಸುತ್ತ ಬೆಳದದ್ದು ನಮ್ಮ ಬಳ್ಳಾರಿ ಜಾಲಿನೇ, ಅಲ್ಲಿ ಮತೆಂಗೆ ಅಂತಾರ. ತರಾಚ್ ಹಳ್ಳದ ದಂಡೀಗುಂಟ ಬೇರು ಬಿಟ್ಟೈತಿ. ಮೊದಲು ಅದನ್ನ ಕಿತ್ತಸಬೇಕು ಅಂತ ಬರದು ಬರದು ಸಾಕಾತು.

ಮಂಗಳೂರು ಸಿಸ್ಟರ್: ಕಿತ್ತರೆ ಒಲೆಗೆ ಏನು ಹಾಕುವುದು? ಸೌದೆಗೆಂದು ಹೊರಗೆ ಹೋದ ಹೆಂಗಸರು ಪೆಟ್ಟು ತಿಂದು ಬಂದದ್ದಕ್ಕೆ ಹೊಲಿಗೆ ಹಾಕಿದವಳು ನಾನು. ಅಲ್ಲಿಯ ಸ್ಥಳೀಯ ಟರ್ಕಾನಾ ಜನಾಂಗದ ಹೆಂಗಸರು ಶಿಬಿರಕ್ಕೆ ತಂದು ಮಾರುವುದೂ ಅದರದ್ದೇ ಇದ್ದಿಲು.

ಗದಗ ಎಂಜಿನಿಯರ್: ಅದರ ಮುಳ್ಳು ಟ್ಯಾಂಕರಿನ ಟೈರಿಗೆ ಹೊಕ್ಕು ಗಾಡಿ ದಾರ್‍ಯಾಗ ನಿಂತರ ಆ ದಿನ ನೀರು ಯಾರು ಕೊಡ್ತಾರ, ಹೇಳ್ರಿ?

ಕೇಳಿದವರು, ಮೈಸೂರು: ಮಗಳನ್ನು ಹಾಸ್ಟೆಲಿಗೆ ಸೇರಿಸಿ ಹೋದವರು ಯಾರಾದರೂ ಇದ್ದೀರಾ?