ಗಿರಣಿ ಬೇರಿಂಗ್ ಮೂರು ತಿಂಗಳೂ ಬರ್ತಿಲ್ಲ, ಅನುಭವ ಇರುವವರು ಹೇಳಿ

ಗಿರಣಿ ಹುಡುಗ, ಹಾವೇರಿ
ಎಲ್ಲರಿಗೂ ನಮಸ್ಕಾರ. ಅಪ್ಪನ ಕಾಲದ ಕಲ್ಲಿನ ಗಿರಣಿ. 10 ಎಚ್‌ಪಿ ಮೋಟಾರ್, ಅಡ್ಡ ಶಾಫ್ಟ್, ಎರಡೂ ಕಡೆ 6308 ಬಾಲ್ ಬೇರಿಂಗ್. ಕಲ್ಲಿನ ಕಡೆಯದು ಮಾತ್ರ ಪದೇ ಪದೇ ಹೋಗ್ತಿದೆ. ಒಬ್ಬರು ಟೇಪರ್ ಹಾಕು ಅಂತಾರೆ, ಇನ್ನೊಬ್ಬರು ಥ್ರಸ್ಟ್ ಅಂತಾರೆ. ಪಂಚಮಿಗೆ ಮುಂಚೆ ಸರಿ ಮಾಡಿಸಬೇಕು. ಹಾಕಿಸಿ ನೋಡಿದವರು ದಯವಿಟ್ಟು ಹೇಳಿ.

ಜೋಳದ ಗಿರಣಿ, ರಾಣೆಬೆನ್ನೂರು
ಥ್ರಸ್ಟ್ ಹಾಕು ತಮ್ಮಾ, ಆದರೆ ನನ್ನ ಹಾಗೆ ಹಾಕಬೇಡ. ಮಿಸ್ತ್ರಿ ಮಾತು ಕೇಳಿ ಬಾಲ್ ಬೇರಿಂಗ್ ತೆಗೆಸಿ, ಆ ಜಾಗಕ್ಕೆ ಬರೀ 51208 ಥ್ರಸ್ಟ್ ಕೂರಿಸಿದೆ. ಬಂದದ್ದು ಒಂಬತ್ತೇ ದಿನ. ಥ್ರಸ್ಟ್ ಬೇರಿಂಗ್ ಶಾಫ್ಟಿನ ಉದ್ದಕ್ಕೆ ಬರುವ ನೂಕನ್ನು ಮಾತ್ರ ತಡೆಯುತ್ತೆ. ಶಾಫ್ಟಿನ ತೂಕ, ಬೆಲ್ಟಿನ ಎಳೆತ ಹೊರೋದೇ ಇಲ್ಲ. ಶಾಫ್ಟ್ ಜೋತು ಬಿದ್ದು ಕಲ್ಲಿನ ಅಂಚು ಒಡೆದುಹೋಯ್ತು. ಬೇರಿಂಗಿಗೆ 650 ರೂಪಾಯಿ. ಶಾಫ್ಟಿಗೆ ವೆಲ್ಡಿಂಗ್ ತುಂಬಿಸಿ ಲೇತಿಗೆ ಹಾಕಿಸಿದ್ದು 2,200. ಕಲ್ಲಿಗೆ 6,500. ನಾಲ್ಕು ದಿನ ಬಾಗಿಲು ಹಾಕಿದ್ದಕ್ಕೆ ಲೆಕ್ಕವೇ ಇಲ್ಲ. ಕಾಯಂ ಗಿರಾಕಿಗಳು ಪಕ್ಕದ ಊರಿಗೆ ಹೋದರು, ಇಬ್ಬರು ಇವತ್ತಿಗೂ ವಾಪಸ್ ಬಂದಿಲ್ಲ. ಆಮೇಲೆ ಎರಡೂ ಕಡೆ 6308 ಇಟ್ಟು, ಅದರ ಹೊರ ರಿಂಗು ಸ್ವಲ್ಪ ಜಾರುವಷ್ಟು ಜಾಗ ಬಿಟ್ಟೆ. ಹಿಂದಿನ ತುದಿಗೆ ಬೇರೆ ಹೌಸಿಂಗ್ (ಬೇರಿಂಗ್ ಕೂರುವ ಮನೆ) ಮಾಡಿಸಿ 51208 ಹಾಕಿದೆ. ಮೂರು ವರ್ಷ ಆಯ್ತು.

ರಾಗಿ ಮಿಲ್, ತಿಪಟೂರು
ಟೇಪರ್ ಇರುವಾಗ ಇಷ್ಟೆಲ್ಲ ಯಾಕೆ? ಎಳೆತ, ನೂಕು ಎರಡನ್ನೂ ಅದೇ ಹೊರುತ್ತೆ. 30308 ತನ್ನಿ. ಒಳಗೆ 40, ಹೊರಗೆ 90 ಎಂಎಂ, ನಿಮ್ಮ 6308 ಅಳತೆಯೇ. ದಪ್ಪ ಮಾತ್ರ 23ರ ಬದಲು 25.25. ಒಂದು ಟೇಪರ್ ಒಂದೇ ಕಡೆಯ ನೂಕು ತಡೆಯೋದು, ಅದಕ್ಕೇ ಜೋಡಿಯಾಗಿ ಎದುರುಬದುರು ಹಾಕಬೇಕು. ಮೊದಲ ಸಲ ನಾನೇ ನಟ್ಟನ್ನು ಗಟ್ಟಿಯಾಗಿ ಬಿಗಿದೆ. ಅರ್ಧ ಗಂಟೆಯಲ್ಲಿ ಹೌಸಿಂಗ್ ಮುಟ್ಟೋಕಾಗದಷ್ಟು ಕಾದಿತ್ತು. ಬಿಚ್ಚಿದರೆ ರೋಲರ್ ನೀಲಿ ಬಣ್ಣಕ್ಕೆ ತಿರುಗಿವೆ. 1,900 ರೂಪಾಯಿ ನೀರಿಗೆ ಹೋಯ್ತು, ಮನೆಯವಳು ಎರಡು ದಿನ ಮಾತಾಡಲಿಲ್ಲ. ಎರಡನೇ ಸಲ ಬಿಗಿದು, ಸ್ವಲ್ಪ ಸಡಿಲಿಸಿ, ಕೈಯಲ್ಲಿ ತಿರುಗಿಸಿ ನೋಡಿ ಲಾಕ್ ಮಾಡಿದೆ. ನಾಲ್ಕು ವರ್ಷದಿಂದ ಗಟ್ಟಿಯಾಗಿದೆ.

ಲೇತ್ ಕೆಲಸ, ಪೀಣ್ಯ
ಇಬ್ಬರೂ ದುಡ್ಡಿನ ಲೆಕ್ಕ ಹೇಳಿದಿರಿ, ಕೂರಿಸಿದ್ದು ಹೇಗೆ ಅಂತ ಹೇಳಲಿಲ್ಲ. ನನ್ನ ಹತ್ತಿರ ಬರೋ ಗಿರಣಿ ಶಾಫ್ಟುಗಳಲ್ಲಿ ಮುಕ್ಕಾಲು ಪಾಲು ಸುತ್ತಿಗೆ ಏಟಿನವು. ಶಾಫ್ಟಿಗೆ ಏರಿಸುವಾಗ ಹೊರ ರಿಂಗಿಗೆ ಹೊಡೀತಾರೆ. ಆ ಏಟು ಗುಂಡಿನ ಮೂಲಕವೇ ಹೋಗಿ, ಗುಂಡು ಓಡೋ ದಾರಿಯಲ್ಲಿ ಸಣ್ಣ ಗುಳಿ ಬೀಳುತ್ತೆ. ಹೊಸ ಬೇರಿಂಗ್ ಅವತ್ತೇ ಸತ್ತಂತೆ. ಒಳ ರಿಂಗಿಗೆ ಪೈಪ್ ಕೊಟ್ಟು ಒತ್ತಬೇಕು. ಇನ್ನೊಂದು ವಿಷಯ, ಬಾಲ್ ಬೇರಿಂಗ್ ಮೇಲೆ ಭಾರ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಪಾಲಿಗೆ ಇಳಿಯುತ್ತೆ. ಕಲ್ಲನ್ನು ಜಾಸ್ತಿ ಬಿಗಿದು ನುಣ್ಣಗೆ ಬೀಸೋರು ಇದನ್ನು ತಿಳಿಯಬೇಕು.

ರಾಗಿ ಮಿಲ್, ತಿಪಟೂರು
ಸ್ವಾಮಿ, ನಾನು ಸುತ್ತಿಗೆ ಮುಟ್ಟಿಲ್ಲ, ಎಣ್ಣೆಯಲ್ಲಿ ಬಿಸಿ ಮಾಡಿ ಹಾಕಿದ್ದು. ಕೇಳದೇ ಆರೋಪ ಮಾಡಬೇಡಿ.

ಆಲೆಮನೆ, ಮಂಡ್ಯ
ಬೇರಿಂಗೇ ಬೇಡ. ನಮ್ಮ ಕಬ್ಬಿನ ಗಾಣಕ್ಕೆ ಗನ್‌ಮೆಟಲ್ ಬುಷ್, ಅಂದ್ರೆ ಗುಂಡಿಲ್ಲದ ಬರೀ ಲೋಹದ ಬಳೆ. ಭಾರ ಜಾಸ್ತಿ, ತಿರುಗೋದು ನಿಧಾನ. ಮೇಲೆ ಕಬ್ಬಿನ ಹಾಲು, ಸಿಪ್ಪೆ, ಬೂದಿ ಎಲ್ಲ ಬೀಳುತ್ತೆ. ಅಲ್ಲಿ ಬಾಲ್ ಬೇರಿಂಗ್ ಹಾಕಿಸಿ ಒಂದೇ ಹಂಗಾಮಿಗೆ ಮೂರು ಕಳೆದುಕೊಂಡೆ. ಬುಷ್ ಸವೆದರೆ ಕಣ್ಣಿಗೆ ಕಾಣುತ್ತೆ, ಊರಿನಲ್ಲೇ ಲೇತಿಗೆ ಹಾಕಿಸಬಹುದು.

ಲೇತ್ ಕೆಲಸ, ಪೀಣ್ಯ
ಗಾಣ ಬೇರೆ, ಗಿರಣಿ ಬೇರೆ ಸರ್. ಗಿರಣಿ ವೇಗಕ್ಕೆ ಬುಷ್ ಹಾಕಿದರೆ ಕಾದು ಹಿಡಿದುಕೊಳ್ಳುತ್ತೆ. ನೂಕು ತಡೆಯೋಕೆ ಕಾಲರ್ ಬೇರೆ ಕೊಡಬೇಕು. ಆ ಹುಡುಗನ ದುಡ್ಡು ಹಾಳು ಮಾಡಬೇಡಿ.

ಆಲೆಮನೆ, ಮಂಡ್ಯ
ಮೂವತ್ತು ವರ್ಷ ಗಾಣ ನಡೆಸಿದವನಿಗೆ ಪಾಠ ಹೇಳ್ತೀರಾ?

ಜೋಳದ ಗಿರಣಿ, ರಾಣೆಬೆನ್ನೂರು
ಜಗಳ ಬಿಡಿ. ತಮ್ಮಾ, ಗ್ರೀಸ್ ತುಂಬಿ ತುಳುಕಿಸಿದ್ದೀಯಾ? ಹೌಸಿಂಗಿನ ಖಾಲಿ ಜಾಗದಲ್ಲಿ ಅರ್ಧ ತುಂಬಿದರೆ ಸಾಕು. ಜಾಸ್ತಿಯಾದರೆ ಕಡೆದು ಕಡೆದು ಕಾಯುತ್ತೆ.

ರಾಗಿ ಮಿಲ್, ತಿಪಟೂರು
ಅರ್ಧ ಸಾಲಲ್ಲ. ಗಿರಣಿಯಲ್ಲಿ ಹಿಟ್ಟಿನ ಧೂಳು ಒಳಗೆ ನುಗ್ಗುತ್ತೆ. ನಾನು ಪೂರ್ತಿ ತುಂಬ್ತೀನಿ.

ಲೇತ್ ಕೆಲಸ, ಪೀಣ್ಯ
ಧೂಳಿಗೆ ರಬ್ಬರ್ ಸೀಲ್ ಇರೋ 2ಆರ್‌ಎಸ್ ತರಬೇಕು, ಗ್ರೀಸ್ ತುಂಬೋದಲ್ಲ. ಹುಡುಗಾ, ಹಳೇ ಬೇರಿಂಗ್ ಒಡೆದು ಒಳ ರಿಂಗ್ ನೋಡು. ಗುಂಡು ಓಡಿದ ಗೆರೆ ನಡುವೆ ಇದ್ದರೆ ಬೆಲ್ಟಿನ ಎಳೆತ. ಒಂದು ಅಂಚಿಗೆ ಹತ್ತಿದ್ದರೆ ಕಲ್ಲಿನ ನೂಕು.

ಗಿರಣಿ ಹುಡುಗ, ಹಾವೇರಿ
ಈಗಷ್ಟೇ ಒಡೆದೆ ಅಣ್ಣಾ. ಗೆರೆ ಪೂರ್ತಿ ಒಂದೇ ಅಂಚಿಗೆ ಹತ್ತಿದೆ. ಅಲ್ಲಿ ಉಗುರು ಸಿಗುವಷ್ಟು ಚಕ್ಕೆ ಎದ್ದಿದೆ. ಇನ್ನೊಂದು ಅಂಚು ಕನ್ನಡಿ ಹಾಗೆ ಹೊಳೀತಿದೆ.

ರಾಗಿ ಮಿಲ್, ತಿಪಟೂರು
ಟೇಪರ್ ಹಾಕು. ನಾನು ಮೊದಲೇ ಹೇಳಿದ್ದೆ.

ಜೋಳದ ಗಿರಣಿ, ರಾಣೆಬೆನ್ನೂರು
ಏನ್ರೀ ಮೊದಲೇ ಹೇಳಿದ್ದು? ನೂಕಿಗೆ ಥ್ರಸ್ಟ್ ಅಂತ ಮೊದಲ ಉತ್ತರದಲ್ಲೇ ಬರೆದಿದ್ದೀನಿ, ಮೇಲೆ ಹೋಗಿ ಓದಿ.