ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಊರಲ್ಲೇ ಮಾರ್ಗದರ್ಶನ: ಭಾಷಣ ಬೇಕಾ, ಮೇಜು ಬೇಕಾ?

ಪುಸ್ತಕದಹುಳು
ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಹಳೇ ಗ್ರಂಥಾಲಯ) ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಒಂದು ದಿನದ ಮಾರ್ಗದರ್ಶನ ಇಡ್ತಿದ್ದೇವೆ. ಸುಮಾರು 60 ಮಕ್ಕಳು, ಜೊತೆಗೆ ಅಪ್ಪ-ಅಮ್ಮಂದಿರು. ಬೆಳಿಗ್ಗೆ ಯಾರಾದರೂ ಸಾಧಕರ ಭಾಷಣ, ಮಧ್ಯಾಹ್ನ ಪ್ರಶ್ನೋತ್ತರ, ಹೋಗುವಾಗ ಕೈಗೊಂದು ಹಾಳೆ. ದಿನಾಂಕ ರಿಸಲ್ಟ್ ಬಂದ ವಾರದಲ್ಲಿ ಅಂದುಕೊಂಡಿದ್ದೇವೆ. ಹಾಳೆಯಲ್ಲಿ ಏನೇನಿರಬೇಕು?

ನಾಡಕಚೇರಿ ಕಿಟಕಿ
ದಿನಾಂಕವೇ ತಪ್ಪು ಸರ್. ರಿಸಲ್ಟ್ ವಾರದಲ್ಲಿ ನಾಡಕಚೇರಿ ಮುಂದೆ ಕ್ಯೂ ಹೇಗಿರುತ್ತೆ ಅಂತ ಗೊತ್ತಲ್ಲ. ಜನವರಿಯಲ್ಲೇ ಒಂದು ಸಲ ಕರೆಯಿರಿ, ಕಾಗದ ನೋಡೋಕೆ ಮಾತ್ರ. ಮೂರು ವಿಷಯ ನೋಡಿದರೆ ಸಾಕು.

ಮೊದಲನೆಯದು ಜಾತಿ-ಆದಾಯ ಪ್ರಮಾಣಪತ್ರ. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರ್ ಇರುತ್ತೆ. ಸ್ಕಾಲರ್‌ಶಿಪ್ ಪೋರ್ಟಲ್ಲಿಗೂ ಸಿಇಟಿಗೂ ಆ ನಂಬರೇ ಬೇಕು. ಆದಾಯದ ಪತ್ರಕ್ಕೆ ಐದು ವರ್ಷ ಅವಧಿ. ಐದನೇ ಕ್ಲಾಸಲ್ಲಿ ಮಾಡಿಸಿದ್ದನ್ನ ಜೆರಾಕ್ಸ್ ಮಾಡಿಕೊಂಡು ಪಿಯುಸಿಗೆ ಬರೋರು ಬೇಕಾದಷ್ಟು ಜನ ಇದ್ದಾರೆ.

ಎರಡನೆಯದು ಹೆಸರು. ಶಾಲೆಯಲ್ಲಿ 'ಮಂಜುನಾಥ ಕೆ', ಆಧಾರಲ್ಲಿ 'ಮಂಜುನಾಥ್'. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ಅದನ್ನ ತಿದ್ದಿಸೋದು ದೊಡ್ಡ ತಲೆನೋವು. ಅದಕ್ಕೇ ಮುಂಚೆಯೇ ಶಾಲೆಯ ದಾಖಲೆ ನೋಡಿ, ಆಧಾರನ್ನ ಅದಕ್ಕೆ ಹೊಂದಿಸಿ. ಆಧಾರಲ್ಲಿ ಹೆಸರು ಎರಡೇ ಸಲ, ಹುಟ್ಟಿದ ದಿನಾಂಕ ಒಂದೇ ಸಲ ತಿದ್ದೋಕೆ ಅವಕಾಶ. ಯೋಚಿಸಿ ಮಾಡಿಸಿ.

ಮೂರನೆಯದು ಬ್ಯಾಂಕು. 'ಪಾಸ್‌ಬುಕ್ಕಿಗೆ ಆಧಾರ್ ಲಿಂಕ್ ಆಗಿದೆ' ಅಂದರೆ ಸಾಲದು. ಸರ್ಕಾರದ ದುಡ್ಡು ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ) ಮ್ಯಾಪಿಂಗ್‌ನಲ್ಲಿ ಯಾವ ಬ್ಯಾಂಕ್ ಇದೆಯೋ ಅಲ್ಲಿಗೇ ಹೋಗುತ್ತೆ. ಯಾವತ್ತೋ ಅಂಗಡಿಯಲ್ಲಿ ಬೆರಳೊತ್ತಿ ತೆರೆದ ಪೇಮೆಂಟ್ ಬ್ಯಾಂಕ್ ಖಾತೆಗೆ ಬಿದ್ದಿರುತ್ತೆ, ಇವರು ಇಲ್ಲಿ ಬಂದಿಲ್ಲ ಅಂತ ಕಾಯ್ತಿರ್ತಾರೆ. ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ (ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ) ನೋಡಬಹುದು. ಒಟಿಪಿ ಬರೋದರಿಂದ ಆಧಾರಿನ ಮೊಬೈಲ್ ನಂಬರ್ ಚಾಲೂ ಇರಬೇಕು.

ಬಯಲುಸೀಮೆ
ಕಾಗದ ಬೇಕು, ಒಪ್ಪಿದೆ. ಆದರೆ ಮಕ್ಕಳಿಗೆ ಕನಸೇ ಇಲ್ಲದಿದ್ದರೆ ಆರ್‌ಡಿ ನಂಬರ್ ಇಟ್ಕೊಂಡು ಏನು ಮಾಡೋದು? ಒಳ್ಳೆ ಭಾಷಣ ಒಂದಿರಲಿ.

ಅರ ಹಿಡಿದವ
ಐಎಎಸ್ ಆದವರ ಭಾಷಣ ಕೇಳಿ ಚಪ್ಪಾಳೆ ತಟ್ಟಿದ ಮಗು ಮಾರನೇ ದಿನ ಸ್ನೇಹಿತ ಯಾವ ಕಾಲೇಜಿಗೆ ಹೋದನೋ ಅಲ್ಲಿಗೇ ಹೋಗುತ್ತೆ. ಭಾಷಣದ ಖರ್ಚಲ್ಲಿ ಒಂದು ವರ್ನಿಯರ್ ಕ್ಯಾಲಿಪರ್ (ಸೂಕ್ಷ್ಮವಾಗಿ ಅಳೆಯೋ ಸಾಧನ), ಒಂದು ಅರ (ಕಬ್ಬಿಣ ಉಜ್ಜೋದು), ಒಂದು ಮೂಲೆಮಟ್ಟ (ಮೂಲೆ ನೇರ ಇದೆಯಾ ಅಂತ ನೋಡೋದು) ತಂದು ಮೇಜಿನ ಮೇಲಿಡಿ. ಐಟಿಐನ ಫಿಟ್ಟರ್ ಟ್ರೇಡಲ್ಲಿ ಶುರುವಿನ ವಾರಗಳೆಲ್ಲ ಕಬ್ಬಿಣದ ಪಟ್ಟಿ ಉಜ್ಜಿ ಚೌಕ ಮಾಡೋದೇ ಕೆಲಸ. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಸೋರಬಾರದು. ಅದನ್ನ ಹತ್ತು ನಿಮಿಷ ಮಾಡಿಸಿ. ಬೇಜಾರಾಗುವ ಮಗುವಿಗೆ ಅಲ್ಲೇ ಗೊತ್ತಾಗುತ್ತೆ, ಬೇಜಾರಾಗದ ಮಗುವಿಗೂ ಗೊತ್ತಾಗುತ್ತೆ.

17ರ ಸ್ಪ್ಯಾನರಿನ ನಟ್ ಕೊಟ್ಟು ಅಳೆಸಿ. ವರ್ನಿಯರ್‌ನ 50 ಗೆರೆ ಮುಖ್ಯಪಟ್ಟಿಯ 49 ಮಿ.ಮೀ.ಗೆ ಸಮ, ಹಾಗಾಗಿ 0.02 ಮಿ.ಮೀ.ವರೆಗೂ ಓದಬಹುದು. ನಟ್ಟು 17ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತೆ. 'ಯಾಕೆ ಸರ್?' ಅಂತ ಕೇಳಿದವರ ಹೆಸರು ಬರೆದಿಟ್ಕೊಳ್ಳಿ.

ಡಿಪ್ಲೊಮಾ ಮೇಡಂ
ಒಂದು ನಟ್ಟಲ್ಲಿ ಭವಿಷ್ಯ ಅಳೆಯೋದು ಸ್ವಲ್ಪ ಅತಿಯಾಯ್ತು ಅಣ್ಣ. ಹದಿನೈದರ ವಯಸ್ಸಲ್ಲಿ ಆಸೆ ಬದಲಾಗುತ್ತಲೇ ಇರುತ್ತೆ. ಹಾಳೆಯ ಮೇಲೆ ದೊಡ್ಡದಾಗಿ ಬರೀಬೇಕಾದ್ದು ಯಾವ ದಾರಿ ಹಿಡಿದರೆ ಯಾವ ಬಾಗಿಲು ಮುಚ್ಚುತ್ತೆ, ಯಾವುದು ತೆರೆದಿರುತ್ತೆ ಅನ್ನೋದನ್ನ.

ಪಿಯುಸಿ ಸೈನ್ಸ್ ಓದಿದರೆ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಡಾಕ್ಟರ್, ಬಿಎಸ್ಸಿ ನರ್ಸಿಂಗ್ ಅನ್ನೋರಿಗೆ ಜೀವಶಾಸ್ತ್ರ ಇರುವ ಪಿಯುಸಿಯೇ ಬೇಕು, ಡಿಪ್ಲೊಮಾ ಹಿಡಿದರೆ ಆ ಬಾಗಿಲು ಮುಚ್ಚಿತು. ಡಿಪ್ಲೊಮಾ ಮೂರು ವರ್ಷ. ಸೀಟಿಗೆ ಎಸ್ಸೆಸ್ಸೆಲ್ಸಿಯ ಗಣಿತ, ವಿಜ್ಞಾನದ ಅಂಕವೇ ಮುಖ್ಯ. ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ಎಂಜಿನಿಯರಿಂಗ್‌ಗೆ ನೇರ ಎರಡನೇ ವರ್ಷಕ್ಕೆ. ಎರಡು ವರ್ಷದ ಐಟಿಐ ಮಾಡಿದವರಿಗೂ ಪಿಯುಸಿ ಸೈನ್ಸ್ ಮುಗಿಸಿದವರಿಗೂ ಡಿಪ್ಲೊಮಾದಲ್ಲಿ ನೇರ ಎರಡನೇ ವರ್ಷಕ್ಕೆ ಅವಕಾಶ ಇದೆ. ಇದು ಅಪ್ಪ-ಅಮ್ಮಂದಿರಿಗೆ ಗೊತ್ತೇ ಇರಲ್ಲ. 'ಪಿಯು ಫೇಲಾದ್ರೆ ಮುಗೀತು' ಅನ್ನೋದು ಒಂದು ಕಡೆ, 'ಐಟಿಐ ಅಂದ್ರೆ ಅಲ್ಲಿಗೇ ಕೊನೆ' ಅನ್ನೋದು ಇನ್ನೊಂದು ಕಡೆ. ಎರಡೂ ಸುಳ್ಳು.

ಬಯಲುಸೀಮೆ
ಹಾಗಾದರೆ ಎಲ್ಲರಿಗೂ ಡಿಪ್ಲೊಮಾನೇ ಅನ್ನಿ. ಆರು ವರ್ಷಕ್ಕೆ ಎರಡು ಸರ್ಟಿಫಿಕೇಟು, ಸಿಇಟಿ ಕೋಚಿಂಗ್ ಖರ್ಚೂ ಇಲ್ಲ.

ಡಿಪ್ಲೊಮಾ ಮೇಡಂ
ಇಲ್ಲ. ಡಿಪ್ಲೊಮಾದ ಗಣಿತ ಪಿಯು ಗಣಿತದಷ್ಟು ಆಳಕ್ಕೆ ಇಳಿಯಲ್ಲ. ಎಂಜಿನಿಯರಿಂಗ್ ಮೂರನೇ ಸೆಮ್‌ಗೆ ಬಂದವರು ಒದ್ದಾಡೋದು ಅಲ್ಲೇ. ವಿಟಿಯು (ಎಂಜಿನಿಯರಿಂಗ್ ವಿಶ್ವವಿದ್ಯಾಲಯ) ಇವರಿಗಂತಲೇ ಬೇರೆ ಗಣಿತ ಪೇಪರ್ ಇಟ್ಟಿದ್ದು ಸುಮ್ಮನೆ ಅಲ್ಲ, ಹುಡುಗರ ಬಾಯಲ್ಲಿ ಅದು 'ಡಿಪ್ ಮ್ಯಾಥ್ಸ್'. ಎಂಜಿನಿಯರಿಂಗೇ ಗುರಿ, ಗಣಿತವೂ ಚೆನ್ನಾಗಿದೆ ಅಂದರೆ ಪಿಯುಸಿಗೇ ಹೋಗಲಿ. ಹದಿನೆಂಟು ಹತ್ತೊಂಬತ್ತಕ್ಕೆ ಸಂಬಳ ಬೇಕಾದ ಮನೆ, ಆಮೇಲೆ ನೋಡೋಣ ಅನ್ನೋರು ಡಿಪ್ಲೊಮಾಗೆ ಹೋಗಲಿ.

ಅರ ಹಿಡಿದವ
ಟೂಲ್ ರೂಮನ್ನ ಬಿಟ್ಟುಬಿಟ್ರಿ. ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ಮೂರು ವರ್ಷ ಕ್ಯಾಂಪಸ್ಸಲ್ಲಿ, ಒಂದು ವರ್ಷ ಕಾರ್ಖಾನೆಯಲ್ಲಿ. ಬೆಂಗಳೂರಲ್ಲಿ ಮಾತ್ರ ಅಂತ ಜನ ತಿಳಿದಿದ್ದಾರೆ. ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಹಾಸನ ಎಲ್ಲ ಕಡೆ ಇದೆ.

ಐಟಿಐ ಬಗ್ಗೆ ಹಾಳೆಯಲ್ಲಿ ಇಷ್ಟಂತೂ ಇರಲಿ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್ ಎರಡು ವರ್ಷ. ವೆಲ್ಡರ್, ಕೋಪಾ (ಕಂಪ್ಯೂಟರ್ ಟ್ರೇಡ್) ಒಂದು ವರ್ಷ. ವೆಲ್ಡರ್, ವೈರ್‌ಮನ್‌ಗೆ ಎಂಟನೇ ಕ್ಲಾಸ್ ಪಾಸಾಗಿದ್ದರೂ ಸಾಕು, ಅಂದರೆ ಎಸ್ಸೆಸ್ಸೆಲ್ಸಿಯಲ್ಲಿ ಬಿದ್ದವರಿಗೂ ಬಾಗಿಲಿದೆ. ಖಾಸಗಿ ಐಟಿಐ ಆದರೆ 'ಮಾನ್ಯತೆ ಇದೆ' ಅನ್ನೋ ಬೋರ್ಡ್ ನಂಬಬೇಡಿ. ಮಾನ್ಯತೆ ಸಿಗೋದು ಟ್ರೇಡ್‌ವಾರು. ಎಲೆಕ್ಟ್ರಿಷಿಯನ್‌ಗೆ ಇರಬಹುದು, ಪಕ್ಕದ ರೂಮಿನ ಟ್ರೇಡಿಗೆ ಇಲ್ಲದಿರಬಹುದು.

ಆಮೇಲೆ ಅಪ್ರೆಂಟಿಸ್. ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲಲ್ಲಿ ಒಪ್ಪಂದ ನೋಂದಣಿ ಆಗಿದ್ದರೆ ಮಾತ್ರ ಕೊನೆಗೆ ಎನ್‌ಎಸಿ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್) ಸರ್ಟಿಫಿಕೇಟ್. ಕಾಂಟ್ರಾಕ್ಟರ್ ಕೊಡುವ 'ಟ್ರೈನಿಂಗ್ ಮಾಡಿದ್ದಾನೆ' ಅನ್ನೋ ಚೀಟಿ ಅದಲ್ಲ. ರೈಲ್ವೆಯ ಲೆವೆಲ್-1 (ಹಳೇ ಗ್ರೂಪ್ ಡಿ) ನೇಮಕಾತಿಯಲ್ಲಿ ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಶೇ. 20 ಮೀಸಲು. ಸಹಾಯಕ ಲೋಕೋ ಪೈಲಟ್‌ಗಂತೂ ಬರೀ ಪಿಯುಸಿ ನಡೆಯಲ್ಲ. ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಇಲ್ಲವೇ ಡಿಪ್ಲೊಮಾ ಬೇಕು.

ಬೆಳಗಿನ ಬಸ್ಸು
ಎಲ್ಲರೂ ಕೋರ್ಸ್ ಹೇಳ್ತಿದ್ದೀರಿ, ತಲುಪೋದು ಹೇಗೆ ಅಂತ ಯಾರೂ ಹೇಳ್ತಿಲ್ಲ. ಹಾಳೆಯ ಹಿಂದೆ ಬಸ್ ವೇಳಾಪಟ್ಟಿ ಹಾಕಿ. ಊರಿಂದ ಮೊದಲ ಬಸ್ಸು ಎಷ್ಟಕ್ಕೆ, ಸಂಜೆ ಕೊನೇದು ಎಷ್ಟಕ್ಕೆ, ಬಸ್‌ಸ್ಟ್ಯಾಂಡಿಂದ ಕಾಲೇಜಿಗೆ ಎಷ್ಟು ದೂರ ನಡೀಬೇಕು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ ನಿಜ, ಆದರೆ ಸರ್ಕಾರಿ ಬಸ್ಸಲ್ಲಿ ಮಾತ್ರ. ಖಾಸಗಿ ಬಸ್ಸಷ್ಟೇ ಓಡುವ ರೂಟಲ್ಲಿ ಅದರಿಂದ ಉಪಯೋಗ ಇಲ್ಲ. ಸಂಜೆ ಆರರ ಮೇಲೆ ಬಸ್ಸಿಲ್ಲ ಅನ್ನೋ ಒಂದೇ ಕಾರಣಕ್ಕೆ ಹುಡುಗಿಯನ್ನ ಹತ್ತಿರದ ಆರ್ಟ್ಸ್ ಕಾಲೇಜಿಗೆ ಹಾಕ್ತಾರೆ. ಅಂಥವರಿಗೆ ಮೆಟ್ರಿಕ್ ನಂತರದ ಹಾಸ್ಟೆಲ್ ಅರ್ಜಿಯನ್ನ ಅವತ್ತೇ ಕೂತು ತುಂಬಿಸಿ.

ಮಲೆನಾಡ ಮಳೆ
ಯುವನಿಧಿ ಹಾಕಲ್ವಾ? ತಿಂಗಳಿಗೆ 3000 ಅಂದ್ರೆ ಎಲ್ಲರೂ ಬರ್ತಾರೆ.

ನಾಡಕಚೇರಿ ಕಿಟಕಿ
ಬರ್ತಾರೆ, ಬಂದು ಬೈತಾರೆ. ಪದವಿಯವರಿಗೆ 3000, ಡಿಪ್ಲೊಮಾದವರಿಗೆ 1500. ಅದೂ ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ, ಹೆಚ್ಚೆಂದರೆ ಎರಡು ವರ್ಷ. ಈಗ ತಾನೆ ಹತ್ತನೇದು ಮುಗಿಸಿದವರಿಗೆ ಅದು ಯಾಕೆ? ಅದರ ಜಾಗದಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿ ಬರೀರಿ. ಸಿಇಟಿ ಸೀಟಲ್ಲಿ ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಮೂರು ಶಾಲೆಯಲ್ಲಿ ಓದಿದ್ದರೆ ಮೂರೂ ಕಡೆಯಿಂದ ತರಬೇಕು. ಎರಡು ವರ್ಷ ಆದ ಮೇಲೆ ಹುಡುಕೋಕೆ ಹೋದರೆ ಒಂದು ಶಾಲೆ ಮುಚ್ಚಿರುತ್ತೆ. ಕಲ್ಯಾಣ ಕರ್ನಾಟಕದವರಾದರೆ 371-ಜೆ (ಆ ಭಾಗದವರಿಗಿರುವ ಮೀಸಲಾತಿಯ) ಪತ್ರವನ್ನೂ ಈಗಲೇ ಮಾಡಿಸಿಡಿ.

ಬಯಲುಸೀಮೆ
ಸರಿ, ಭಾಷಣ ಬೇಡ. ಆದರೆ ಮೇಜಿನ ಮುಂದೆ ನಿಂತ ಮಗುವಿನ ಬದಲು ಅಪ್ಪನೇ ಮಾತಾಡ್ತಾನಲ್ಲ, ಅದಕ್ಕೇನು ಮಾಡ್ತೀರಿ?

ಡಿಪ್ಲೊಮಾ ಮೇಡಂ
ಬಾಗಿಲಲ್ಲೇ ಬೇರೆ ಮಾಡಿ. ಅಪ್ಪ-ಅಮ್ಮ ಕಾಗದದ ಮೇಜಿಗೆ, ಮಕ್ಕಳು ಅರ-ವರ್ನಿಯರ್ ಮೇಜಿಗೆ. ಕಾಗದ ನೋಡೋಕೆ ಒಬ್ಬರಿಗೆ ಏಳೆಂಟು ನಿಮಿಷ ಬೇಕು, ಅಷ್ಟರಲ್ಲಿ ಮಗು ಒಂಟಿಯಾಗಿ ಎರಡು ಮಾತಾಡಿರುತ್ತೆ. ಚೀಟಿಯಲ್ಲಿ ಮೊದಲ ಆಯ್ಕೆ, ಎರಡನೇ ಆಯ್ಕೆ, ಎರಡೂ ಸಿಗದಿದ್ದರೆ ಏನು ಅಂತ ಮಗುವಿನ ಕೈಯಲ್ಲೇ ಬರೆಸಿ. ಮೂರನೇ ಸಾಲು ಖಾಲಿ ಬಿಟ್ಟವರನ್ನ ಮಧ್ಯಾಹ್ನಕ್ಕೆ ಉಳಿಸಿಕೊಳ್ಳಿ.

ಪುಸ್ತಕದಹುಳು
ಎಲ್ಲರಿಗೂ ಧನ್ಯವಾದ. ಸಾಧಕರಿಗೆ ಫೋನ್ ಮಾಡಿ ಬೇಡ ಅಂದಾಯ್ತು. ಜನವರಿಯಲ್ಲಿ ಕಾಗದದ ದಿನ, ರಿಸಲ್ಟ್ ಆದ ಮೇಲೆ ಮೇಜಿನ ದಿನ. 60 ಜನಕ್ಕೆ ಎಂಟು ನಿಮಿಷ ಅಂದರೆ ಎಂಟು ಗಂಟೆ ಆಗುತ್ತೆ, ಕಾಗದಕ್ಕೆ ಎರಡು ಮೇಜು ಹಾಕ್ತೀನಿ. ಫೇಲಾದವರನ್ನ ಅವತ್ತೇ ಕರೆಯೋದಾ, ಬೇರೆ ದಿನವಾ?

ಅರ ಹಿಡಿದವ
ಅವತ್ತೇ. ಬೇರೆ ದಿನ ಇಟ್ಟರೆ 'ಫೇಲಾದವರ ದಿನ' ಅಂತ ಹೆಸರು ಬೀಳುತ್ತೆ, ಒಬ್ಬರೂ ಬರಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ-2ಕ್ಕೆ (ಮತ್ತೊಮ್ಮೆ ಬರೆಯೋ ಅವಕಾಶ) ಅರ್ಜಿ ಹಾಕುವ ಕೊನೇ ದಿನಾಂಕ ಗೋಡೆಗೆ ಅಂಟಿಸಿರಿ. ಅಂಕ ಹೆಚ್ಚಿಸಿಕೊಳ್ಳೋಕೆ ಪಾಸಾದವರೂ ಬರೀಬಹುದು, ಹಾಗಾಗಿ ಆ ಹಾಳೆ ಮುಂದೆ ಯಾರು ನಿಂತರೂ ಯಾರೂ ಏನೂ ಅಂದುಕೊಳ್ಳಲ್ಲ. ಅರಕ್ಕೆ ಹಿಡಿ ಹಾಕಿಸಿ ತನ್ನಿ, ಹಿಡಿ ಇಲ್ಲದ ಅರ ಅಂಗೈಗೆ ಚುಚ್ಚುತ್ತೆ.