ಹಿಟ್ಲರನಿಂದ ಓಡಿಬಂದ ಯಹೂದಿಗಳ ಕೈಗೆ ಬ್ರಿಟಿಷರು ಬಂದೂಕು ಕೊಟ್ಟರಾ?

ಜತ್ತದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮುತ್ತಜ್ಜ ಮರಾಠಾ ರೆಜಿಮೆಂಟಿನಲ್ಲಿದ್ದರು. ಬೆಳಗಾವಿಯಲ್ಲಿ ಭರ್ತಿಯಾಗಿ ಇಟಲಿಗೆ ಹೋದವರು. ಸೆನಿಯೋ ನದಿ ಹತ್ತಿರ, ಭುಜದ ಪಟ್ಟಿಯ ಮೇಲೆ ಹಳದಿ ನಕ್ಷತ್ರ ಇದ್ದ ಒಂದು ಪಲ್ಟನ್ ನೋಡಿದ್ದರಂತೆ. ಅವರು ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳು ಅಂತ ನಮ್ಮ ಕಾಕಾ ಹೇಳುತ್ತಾರೆ. ಜರ್ಮನ್ ಪಾಸ್‌ಪೋರ್ಟ್ ಇದ್ದವರನ್ನು ಬ್ರಿಟಿಷರು ನಂಬಿದರಾ?

ಅಕ್ಕಲಕೋಟ ಮಾಸ್ತರ:
ಕಾಕಾ ಹೇಳಿದ್ದು ಸರಿ ಇದೆ ತಂಗಿ. ಅದು ಯಹೂದಿ ಬ್ರಿಗೇಡ್. 1944ರ ಸೆಪ್ಟೆಂಬರ್‌ನಲ್ಲಿ ಕಟ್ಟಿದರು, ಸುಮಾರು 5,000 ಜನ. ಆಗ ಬ್ರಿಟಿಷರ ಕೈಯಲ್ಲಿದ್ದ ಪ್ಯಾಲೆಸ್ಟೀನಿನಲ್ಲಿ ಸೇರಿದವರೇ ಹೆಚ್ಚು. ಜರ್ಮನಿ, ಆಸ್ಟ್ರಿಯಾ, ಪೋಲೆಂಡ್ ಬಿಟ್ಟು ಅಲ್ಲಿಗೆ ಓಡಿಹೋದವರೂ ಅವರಲ್ಲಿದ್ದರು. 1945ರ ಮಾರ್ಚ್‌ನಲ್ಲಿ ಸೆನಿಯೋ ದಂಡೆಗೆ ಬಂದರು. ಮರಾಠಾ ಲೈಟ್ ಇನ್‌ಫೆಂಟ್ರಿಯ ನಾಮದೇವ ಜಾಧವ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಗಳಿಸಿದ್ದೂ ಅದೇ ನದಿಯಲ್ಲಿ, ಏಪ್ರಿಲ್ 9ಕ್ಕೆ.

ಇನ್ನು ನಂಬಿಕೆಯ ಮಾತು. ಇಂಗ್ಲೆಂಡಿಗೆ ಓಡಿಬಂದವರನ್ನು ಮೊದಲು ನಂಬಲೇ ಇಲ್ಲ. 1940ರಲ್ಲಿ ಫ್ರಾನ್ಸ್ ಸೋತ ಹೊತ್ತಿಗೆ ಸರ್ಕಾರ ಗಾಬರಿಬಿದ್ದು ಜರ್ಮನ್ ಪಾಸ್‌ಪೋರ್ಟ್ ಇದ್ದವರನ್ನು ಸಾವಿರಾರು ಲೆಕ್ಕದಲ್ಲಿ ಒಳಗೆ ಹಾಕಿತು. ಐಲ್ ಆಫ್ ಮ್ಯಾನ್ ದ್ವೀಪದ ತಂತಿಬೇಲಿಯೊಳಗೆ ನಾಜಿಗಳಿಂದ ಒದೆ ತಿಂದು ಬಂದವರೇ ಜಾಸ್ತಿ! ಡುನೇರಾ ಅನ್ನುವ ಹಡಗಿನಲ್ಲಿ ತುಂಬಿ ಆಸ್ಟ್ರೇಲಿಯಾಕ್ಕೂ ಕಳಿಸಿದರು. ಅಷ್ಟು ದೂರ ಯಾಕೆ, ನಮ್ಮ ಪುಣೆ ಹತ್ತಿರದ ಪುರಂದರದಲ್ಲೂ ಇಂಥವರನ್ನು ಇಟ್ಟಿದ್ದರು.

ಹೊರಗೆ ಬರುವ ಒಂದು ದಾರಿ ಅಂದರೆ ಬ್ರಿಟಿಷ್ ಸೇನೆಯ ಕೂಲಿ ಪಡೆ ಪಯೋನಿಯರ್ ಕೋರ್ ಸೇರುವುದು. ಅಲ್ಲಿ ಸಲಿಕೆ, ಗುದ್ದಲಿ, ರಸ್ತೆ ಕೆಲಸ. ಡಾಕ್ಟರು, ವಕೀಲರು ಎಲ್ಲಾ ಮಣ್ಣು ಹೊತ್ತರು. ನನ್ನ ಕೇಳಿದರೆ ಇದು ದಡ್ಡತನ. ಜರ್ಮನರ ಮಾತು, ಊರು, ಸ್ವಭಾವ ಎಲ್ಲಾ ಗೊತ್ತಿದ್ದವರನ್ನು ಸುಮ್ನೆ ಮೂಲೆಗೆ ಕೂರಿಸಿದರು. 1942ರಲ್ಲಿ ಬುದ್ಧಿ ಬಂತು. ಆಗ ಹುಟ್ಟಿದ್ದೇ ಎಕ್ಸ್ ಟ್ರೂಪ್ ಅನ್ನುವ ಕಮಾಂಡೋ ಪಡೆ. ಒಟ್ಟು 87 ಜನ, ಹೆಚ್ಚಿನವರು ಯಹೂದಿಗಳು. ವೇಲ್ಸ್‌ನ ಅಬರ್‌ಡವಿಯಲ್ಲಿ ತರಬೇತಿ. ಸಿಕ್ಕಿಬಿದ್ದರೆ ಜರ್ಮನರು ಬಿಡುವುದಿಲ್ಲ ಅಂತ ಎಲ್ಲರಿಗೂ ಇಂಗ್ಲಿಷ್ ಹೆಸರು ಕೊಟ್ಟರು. ಮ್ಯಾನ್‌ಫ್ರೆಡ್ ಗಾನ್ಸ್ ಫ್ರೆಡ್ ಗ್ರೇ ಆದ. ಕೆಲವರ ಸಮಾಧಿಯ ಮೇಲೆ ಶಿಲುಬೆ ಬಂದಿದ್ದೂ ಇದರಿಂದಲೇ.

ಈ ಗಾನ್ಸ್ ಡಚ್ ಗಡಿಯ ಬೋರ್ಕನ್ ಊರಿನವನು. ನಾರ್ಮಂಡಿಯಲ್ಲಿ ಇಳಿದ, ವಾಲ್ಖರನ್ ದ್ವೀಪದಲ್ಲೂ ಕಾದಾಡಿದ. 1945ರ ಮೇನಲ್ಲಿ ಒಂದು ಜೀಪ್, ಒಬ್ಬ ಡ್ರೈವರ್ ಕೇಳಿ ಪಡೆದು ಹಾಲೆಂಡಿನಿಂದ ಹೊರಟ. ಪಾಳುಬಿದ್ದ ಜರ್ಮನಿ ದಾಟಿ, ರಷ್ಯನ್ನರ ಕಾವಲು ದಾಟಿ, ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೇಸಿಯನ್‌ಸ್ಟಾಟ್ ಕ್ಯಾಂಪಿಗೆ ಹೋದ. ಅಪ್ಪ ಅಮ್ಮ ಇಬ್ಬರೂ ಅಲ್ಲಿ ಬದುಕಿದ್ದರು! ಇಂಥ ಅದೃಷ್ಟ ಅವನ ಜೊತೆಗಾರರಲ್ಲಿ ಬಹಳ ಜನಕ್ಕೆ ಇರಲಿಲ್ಲ.

ಸೊಲ್ಲಾಪುರ ಸಿದ್ದು:
ಮಾಸ್ತರ್ರೇ, ಅಮೆರಿಕದವರನ್ನು ಬಿಟ್ಟಿರಲ್ಲ! ಮೇರಿಲ್ಯಾಂಡಿನ ಕ್ಯಾಂಪ್ ರಿಚಿಯಲ್ಲಿ ಇಂಥ ಹುಡುಗರಿಗೆ ಕೈದಿಗಳ ವಿಚಾರಣೆ ಕಲಿಸಿದರು. ಹಿಲ್ಡೆಸ್‌ಹೈಮ್‌ನ ಗೈ ಸ್ಟರ್ನ್ ಅಂತ ಒಬ್ಬ. ರಷ್ಯನ್ನರು ಸೈಬೀರಿಯಾಕ್ಕೆ ಒಯ್ಯುತ್ತಾರೆ ಅಂದರೆ ಜರ್ಮನ್ ಕೈದಿಗಳಿಗೆ ನಡುಕ. ಅದಕ್ಕೆ ಇವನು ರಷ್ಯನ್ ಯೂನಿಫಾರ್ಮ್, ಮೆಡಲ್ ಹಾಕಿಕೊಂಡು ಕಮಿಸಾರ್ (ರಷ್ಯನ್ ಅಧಿಕಾರಿ) ಕ್ರುಕೋವ್ ಆಗಿ ಕೂರುತ್ತಿದ್ದ. ಜೊತೆಗಾರ ಫ್ರೆಡ್ ಹೋವರ್ಡ್ ಒಳ್ಳೆಯವನ ವೇಷ. "ಬಾಯಿ ಬಿಡು ಮಾರಾಯ, ಇಲ್ಲಾಂದ್ರೆ ಇವನ ಕೈಗೆ ಕೊಡಬೇಕಾಗುತ್ತೆ" ಅನ್ನುವ ಧಾಟಿ. ಬಯಲಾಟದವರೂ ಇಷ್ಟು ಚೆನ್ನಾಗಿ ಮಾಡಲ್ಲ ಬಿಡಿ.

ಅಕ್ಕಲಕೋಟ ಮಾಸ್ತರ:
ನಗು ಬರುತ್ತೆ ಸಿದ್ದು, ಆದರೆ ಅಪಾಯವೂ ಅಷ್ಟೇ ಇತ್ತು. 1944ರ ಡಿಸೆಂಬರ್‌ನಲ್ಲಿ ಕುರ್ಟ್ ಜೇಕಬ್ಸ್, ಮರೆ ಝ್ಯಾಪ್ಲರ್ ಅನ್ನುವ ಇಬ್ಬರು ರಿಚಿ ಹುಡುಗರು ಸೆರೆ ಸಿಕ್ಕರು. ಯಹೂದಿಗಳೆಂದು ತಿಳಿದ ಕೂಡಲೇ ಬ್ರೂನ್ಸ್ ಎಂಬ ಜರ್ಮನ್ ಕ್ಯಾಪ್ಟನ್ ಗುಂಡು ಹೊಡೆಸಿದ. 1945ರಲ್ಲಿ ಅಮೆರಿಕನ್ನರು ಅವನಿಗೆ ಮರಣದಂಡನೆ ಕೊಟ್ಟರು.

ಜತ್ತದ ಹುಡುಗಿ:
ಇಬ್ಬರಿಗೂ ಥ್ಯಾಂಕ್ಸ್. ಸರ್, ಆ ಸಲಿಕೆ ಹಿಡಿದವರೆಲ್ಲಾ ಕೊನೆವರೆಗೂ ಸಲಿಕೆಯಲ್ಲೇ ಉಳಿದರಾ?

ಅಕ್ಕಲಕೋಟ ಮಾಸ್ತರ:
ಇಲ್ಲ ತಂಗಿ. 1943ರಿಂದ ಬೇರೆ ಪಡೆಗಳ ಬಾಗಿಲೂ ತೆರೆಯಿತು. ಬರ್ಲಿನ್‌ನಿಂದ ಬಂದ ಹಾನ್ಸ್ ಅಲೆಕ್ಸಾಂಡರ್ ಪಯೋನಿಯರ್ ಕೋರ್‌ನಲ್ಲೇ ಶುರು ಮಾಡಿದವನು. ಯುದ್ಧ ಮುಗಿದ ಮೇಲೆ ಅಪರಾಧಿಗಳನ್ನು ಹುಡುಕುವ ತಂಡ ಸೇರಿದ. 1946ರ ಮಾರ್ಚ್‌ನಲ್ಲಿ ಫ್ಲೆನ್ಸ್‌ಬುರ್ಗ್ ಹತ್ತಿರದ ಹೊಲದ ಮನೆಯೊಂದರಲ್ಲಿ ಸುಳ್ಳು ಹೆಸರಲ್ಲಿ ಅಡಗಿದ್ದವನನ್ನು ಹಿಡಿದ. ಬೆರಳಿನ ಮದುವೆ ಉಂಗುರ ತೆಗೆಸಿ ನೋಡಿದರೆ ಒಳಗೆ ನಿಜವಾದ ಹೆಸರು. ಆಶ್ವಿಟ್ಜ್ ಕ್ಯಾಂಪಿನ ಮುಖ್ಯಸ್ಥ ರುಡಾಲ್ಫ್ ಹೋಸ್. ಅವನು ನ್ಯೂರೆಂಬರ್ಗ್‌ನಲ್ಲಿ ನಡೆದ ನಾಜಿ ನಾಯಕರ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ. 1947ರಲ್ಲಿ ಅವನನ್ನು ಆಶ್ವಿಟ್ಜ್‌ನಲ್ಲೇ ಗಲ್ಲಿಗೇರಿಸಿದರು.